ಟವೆಲ್ ಕೆಳಗಿನ ಬಲಗೈ

ಶೇರು ಮಾರುಕಟ್ಟೆಯ ಆಪ್ ತೆರೆದರೆ ಎರಡು ಸಾಲು ಅಂಕಿಗಳು ಕಾಣುತ್ತವೆ. ಒಂದು ಕಡೆ ಕೊಳ್ಳುವವರು ಕೇಳುತ್ತಿರುವ ಬೆಲೆ, ಇನ್ನೊಂದು ಕಡೆ ಮಾರುವವರು ಹೇಳುತ್ತಿರುವ ಬೆಲೆ. ನಡುವೆ ಸಣ್ಣದೊಂದು ಅಂತರ. ಆ ಅಂತರಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಆ ಪರದೆ ನೋಡಿದಾಗಲೆಲ್ಲ ನನ್ನ ಬಲಗೈಯ ಎರಡು ಬೆರಳನ್ನು ಯಾರೋ ಹಿಡಿದುಕೊಳ್ಳುತ್ತಾರೆ. ತೋರುಬೆರಳು, ನಡುಬೆರಳು. ಬಿಗಿಯಾಗಿ ಅಲ್ಲ, ಲೆಕ್ಕ ಹೇಳುವಷ್ಟು.

ದೆವ್ವ ಭೂತಗಳನ್ನು ನಾನು ನಂಬುವವಳಲ್ಲ. ಜಹೀರಾಬಾದಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಮಾತಾಡಿದವಳು. ಎದುರಿನವರು 'ಹಿರಿಯರು ಹೇಳಿದ್ದಾರೆ' ಅಂದರೆ ಯಾವ ಹಿರಿಯರು, ಯಾವಾಗ, ಏನು ಆಧಾರ ಎಂದು ಕೇಳಿ ಕೂರಿಸಿದವಳು. ಈ ಬೆರಳಿನ ಹಿಡಿತಕ್ಕೂ ನನ್ನಲ್ಲಿ ವಿವರಣೆ ಇದೆ: ಚರ್ಮಕ್ಕೂ ನೆನಪಿರುತ್ತದೆ, ಒಂದು ದೃಶ್ಯ ಕಂಡಾಗ ಅದಕ್ಕೆ ಅಂಟಿಕೊಂಡ ಸ್ಪರ್ಶವೂ ಎದ್ದು ಬರುತ್ತದೆ. ವಿವರಣೆ ಸರಿಯಾಗಿದೆ. ಹಿಡಿತ ಬಿಟ್ಟಿಲ್ಲ.

ಅದು ನಮ್ಮ ಮುತ್ಯಾನದು, ಅಂದರೆ ನನ್ನ ತಂದೆಯ ತಂದೆಯದು. ಅವನು ನಾರಾಯಣಖೇಡದ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ತೆಲುಗು ಸೀಮೆಯ ಗಡಿಯೊಳಗೆ, ಮನೂರ್ ಕಡೆ ಇರುವ ನಮ್ಮ ಕನ್ನಡದ ಊರಿನಿಂದ ಸಂತೆಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿ, ಹೆಗಲ ಮೇಲೆ ಹಸಿರು ಅಂಚಿನ ಟವೆಲ್ ಹಾಕಿಕೊಂಡು ಶೇರ್ ಆಟೋ ಹತ್ತುತ್ತಿದ್ದ. ಆ ಟವೆಲ್ ಮೈ ಒರೆಸುವುದಕ್ಕಲ್ಲ. ನಮ್ಮ ಕಡೆ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲಾಲ ಮೊದಲು ಮಾರುವವನ ಕೈ ಹಿಡಿಯುತ್ತಾನೆ, ಮೇಲೆ ಟವೆಲ್ ಹಾಕುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು. ಅದು ನೂರೋ ಸಾವಿರವೋ ಎಂಬುದು ಎತ್ತು ನೋಡಿದವರಿಗೆಲ್ಲ ಗೊತ್ತಿರುತ್ತದೆ. ಆಮೇಲೆ ಕೊಳ್ಳುವವನ ಕೈ, ಮತ್ತೆ ಟವೆಲ್. ಒಪ್ಪಿಗೆಯಾದರೆ ದಲಾಲ ಆ ಕೈಯನ್ನು ಮುಷ್ಟಿ ಮಾಡಿ ಮುಚ್ಚುತ್ತಾನೆ, ಸೌದಾ ಮುಗಿಯಿತು. ಅಷ್ಟೂ ಹೊತ್ತು ದಲಾಲ ಟವೆಲ್ ಕಡೆ ನೋಡಬಾರದು. ಮುತ್ಯಾ ಯಾವುದೋ ಮರದ ತುದಿಯನ್ನು ನೋಡುತ್ತ ನಿಲ್ಲುತ್ತಿದ್ದ, ಅಲ್ಲಿ ಹಕ್ಕಿ ಎಣಿಸುವವನ ಹಾಗೆ.

ಮನೆಯ ಕಟ್ಟೆಯ ಮೇಲೆ ಅವನೇ ನನಗೆ ಈ ಲೆಕ್ಕ ಕಲಿಸಿದ್ದು. ನಾನು ಒಮ್ಮೆ ಎಡಗೈ ಚಾಚಿದೆ. ತಟ್ಟನೆ ಸರಿಸಿದ.

"ಆ ಕೈ ಅಲ್ಲ. ಎಡಗೈ ಲಿಂಗದ್ದು, ಬಲಗೈ ಸಂತೀದು. ಬಲಗೈ ಕೊಡು."

ನನಗೆ ಒಂಬತ್ತು ವರ್ಷವಿದ್ದಾಗ ಹಟ ಮಾಡಿ ಅವನ ಜೊತೆ ಸಂತೆಗೆ ಹೋದೆ. ಒಂದು ಕೊಂಬು ಮುರಿದ ದೇವಣಿ ತಳಿಯ ಎತ್ತಿನ ವ್ಯಾಪಾರ ನಡೆದಿತ್ತು. ಮೂವತ್ತು ಸಾವಿರದ ಮೇಲೆ ಎಷ್ಟು ಎನ್ನುವುದಷ್ಟೇ ಮಾತು. ನಾನು ಟವೆಲ್ಲಿನ ಕೆಳಗೆ ಕೈ ತೂರಿಸಿ ಅವನ ಮುಂಗೈ ಮೇಲೆ ಇಟ್ಟೆ. ಅವನು ಬೇಡ ಅನ್ನಲಿಲ್ಲ. ಮಾರುವವನ ಕಡೆ ಅವನು ಎರಡು ಬೆರಳು ಹಿಡಿದು ಮುಷ್ಟಿ ಮುಚ್ಚಿದ. ಕೊಳ್ಳುವವನ ಕಡೆ ನಾಲ್ಕು ಹಿಡಿದು ಮುಚ್ಚಿದ. ಇಬ್ಬರೂ ನಗುತ್ತ ಹೋದರು. ನಡುವಿನ ಎರಡು ಎಲ್ಲಿ ಹೋಯಿತು ಎಂದು ಲೆಕ್ಕ ಹಾಕಲು ನನಗೆ ಬರುತ್ತಿತ್ತು. ಕೆಲವು ದಿನಗಳ ಮೇಲೆ ಶಾಲೆಯಿಂದ ಬಂದರೆ ಅದೇ ಮುರುಕು ಕೊಂಬಿನ ಎತ್ತು ನಮ್ಮ ಕೊಟ್ಟಿಗೆಯಲ್ಲಿ ನಿಂತು ಮೇವು ತಿನ್ನುತ್ತಿತ್ತು. ಯಾಕೆ ಬಂತು ಎಂದು ಯಾರೂ ಹೇಳಲಿಲ್ಲ. ನಾನು ಅದಕ್ಕೆ ನೀರು ಕುಡಿಸುತ್ತ ದೊಡ್ಡವಳಾದೆ.

ಹತ್ತು ವರ್ಷದ ನಂತರ, ಅಂತರ ಕಾಲೇಜು ಸ್ಪರ್ಧೆಯ ವಿಷಯ: 'ದಲಾಲಿ ಪದ್ಧತಿ ರದ್ದಾಗಬೇಕು.' ತೆಲುಗಿನಲ್ಲಿ ಮಾತಾಡಬೇಕಿತ್ತು. ಆ ಹೊತ್ತಿಗೆ ವಾಣಿಜ್ಯ ಓದುತ್ತ ನಾನು ಹೊಸ ಪದಗಳನ್ನು ಕಲಿತಿದ್ದೆ. ಹೊಸ ಚಪ್ಪಲಿ ಹಾಕಿಕೊಂಡವರಂತೆ ಅವನ್ನು ಎಲ್ಲ ಕಡೆ ಸದ್ದು ಮಾಡಿಕೊಂಡು ತಿರುಗುತ್ತಿದ್ದೆ. ವೇದಿಕೆಯ ಮೇಲೆ ಹೇಳಿದೆ: ಇದರ ಹೆಸರು ಸ್ಪ್ರೆಡ್. ಒಬ್ಬನಿಗೆ ಗೊತ್ತಿದ್ದು ಇಬ್ಬರಿಗೆ ಗೊತ್ತಿಲ್ಲದಿದ್ದರೆ ಅದು ವ್ಯಾಪಾರವಲ್ಲ, ಕಣ್ಕಟ್ಟು. ನಾನೇ ಟವೆಲ್ಲಿನ ಕೆಳಗೆ ಕೈ ಇಟ್ಟು ಎಣಿಸಿದ್ದೇನೆ, ಆ ದಲಾಲ ನನ್ನ ಸ್ವಂತ ತಾತ. ಕೊನೆಗೆ ಮುರುಕು ಕೊಂಬಿನ ಎತ್ತನ್ನು ಎಳೆದು ತಂದೆ. 'ರೈತನ ಎತ್ತು ಕಡೆಗೆ ಎಲ್ಲಿ ಸೇರಿತು ಗೊತ್ತೇ? ದಲಾಲನ ಕೊಟ್ಟಿಗೆ!' ಸಭಾಂಗಣ ಎದ್ದು ಚಪ್ಪಾಳೆ ಹೊಡೆಯಿತು.

ಕಡೆಯ ಸಾಲಿನಲ್ಲಿ ಮುತ್ಯಾ ಕೂತಿದ್ದ. ಮೊಮ್ಮಗಳು ಮಾತಾಡುವುದನ್ನು ಕೇಳಬೇಕೆಂದು ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದಿದ್ದ. ಅವನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಸಂತೆಯ ಅರ್ಧ ಮಂದಿ ತೆಲುಗರೇ. ಅವನೂ ಚಪ್ಪಾಳೆ ಹೊಡೆಯುತ್ತಿದ್ದುದನ್ನು ನಾನು ನೋಡಿದೆ.

ಆಮೇಲೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ನನಗೆ ಮಿರ್ಚಿ ಭಜಿ ಕೊಡಿಸಿದ. ಮೊದಲ ಬಹುಮಾನವಾಗಿ ನನಗೆ ಸಿಕ್ಕ ಕಪ್ಪನ್ನು ಮೇಜಿನ ಮೇಲೆ ಇಡಿಸಿ, ಕೆಳಗಿನ ಮರದ ಪೀಠ ಮುಟ್ಟಿ ನೋಡಿ, "ಭಾಳ ಛಲೋ ಮಾತಾಡಿದಿ" ಅಂದ. "ಜಡ್ಜ್ ಸಾಹೇಬರು ನಿನ್ನ ಕಡಿನೇ ನೋಡ್ಲಾಕತ್ತಿದ್ರು."

"ಮುತ್ಯಾ, ನಿನಗ ಸಿಟ್ಟು ಬಂತೇನು?"

"ಭಜಿ ಆರಲಾಕತ್ತಾವ. ತಿನ್ನು."

ಅದು ಉತ್ತರವಲ್ಲ ಎಂದು ನನಗೆ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದೆ.

ಯಾರೋ ನನ್ನ ಮಾತನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಆ ತುಣುಕು ವಾಟ್ಸಾಪಿನಲ್ಲಿ ನಾರಾಯಣಖೇಡ ತಲುಪಿತು. ಮುಂದಿನ ಸಂತೆಯಲ್ಲಿ ಜನ ಮುತ್ಯಾನ ಟವೆಲ್ ಎಳೆದು ನಕ್ಕರಂತೆ: "ಏನ್ರೀ ಗೌಡ್ರ, ಇವತ್ತ ಎಷ್ಟು ಬೆರಳು ಕದೀತೀರಿ? ಮೊಮ್ಮಗಳಿಗಿ ಫೋನ್ ಹಚ್ಚೂನೇನು?" ಅದರ ಮುಂದಿನ ಸಂತೆಗೆ ಅವನು ಹೋಗಲಿಲ್ಲ. ಮೊಣಕಾಲು ನೋವು ಅಂದ. ಟವೆಲ್ ಮಡಚಿ ಟ್ರಂಕಿನಲ್ಲಿಟ್ಟ. ಒಂದೂವರೆ ವರ್ಷದ ಮೇಲೆ ಲಕ್ವಾ ಹೊಡೆಯಿತು. ಬಲಗಡೆ ಮೈ ಹೋಯಿತು, ಜೊತೆಗೆ ಮಾತೂ ಹೋಯಿತು.

ಅದಾದ ಮೇಲೆ ಇದಾಯಿತು ಎಂದರೆ ಅದರಿಂದಲೇ ಇದಾಯಿತು ಎಂದಲ್ಲ. ಚರ್ಚೆ ಕಲಿಸುವವರು ಮೊದಲ ವಾರದಲ್ಲೇ ಹೇಳುವ ತಪ್ಪು ಇದು. ಅವನಿಗೆ ಬಿಪಿ ಇತ್ತು, ಗುಳಿಗೆ ಸರಿಯಾಗಿ ನುಂಗುತ್ತಿರಲಿಲ್ಲ. ಇದನ್ನು ನಾನು ನನಗೇ ಎಷ್ಟು ಸಲ ಹೇಳಿಕೊಂಡಿದ್ದೇನೆ ಎಂದರೆ, ಈಗ ಅದು ತರ್ಕದಂತೆ ಕೇಳುವುದಿಲ್ಲ, ಜಪದಂತೆ ಕೇಳುತ್ತದೆ.

ಓದು ಮುಗಿದ ಮೇಲೆ ಜಹೀರಾಬಾದಿನ ಒಂದು ತರಬೇತಿ ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಗಡಿಯ ಹಳ್ಳಿಗಳ ಹೆಂಗಸರಿಗೆ ಹಣ ಹೂಡುವ, ಸಣ್ಣ ವ್ಯಾಪಾರ ನಡೆಸುವ ಪದಗಳನ್ನು ಕನ್ನಡದಲ್ಲಿ ತಿಳಿಸುವ ಪುಸ್ತಿಕೆ ಬರೆಯಬೇಕು. ತೆಲುಗಿನಲ್ಲಿ ಇದ್ದದ್ದು ಅವರಿಗೆ ಅರೆಬರೆ ತಲುಪುತ್ತಿತ್ತು. ಪ್ರತಿ ಪದಕ್ಕೂ ಒಂದು ಊರಿನ ಉದಾಹರಣೆ ಬೇಕು ಎಂದರು.

ಮೊದಮೊದಲು ಖುಷಿಯ ಕೆಲಸ. ನಾಗಲಗಿದ್ದದ ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸರ ನಡುವೆ ಕೂತು ಓದಿ ತೋರಿಸುತ್ತಿದ್ದೆ. ಲಿಕ್ವಿಡಿಟಿ ಅಂದರೆ ಬೇಕಾದಾಗ ರೊಕ್ಕ ಮಾಡಿಕೊಳ್ಳುವ ಸುಲಭ ಎಂದೆ. ಒಬ್ಬಾಕೆ ಥಟ್ಟನೆ, "ಹಂಗಂದ್ರ ಆಡು. ಹೊಲ ಮಾರಬೇಕಂದ್ರ ಅಣ್ತಮ್ಮರ ಸಹಿ ಬೇಕು, ಆಡಿಗಿ ಯಾರ ಸಹಿ ಬೇಕು?" ಅಂದಳು. ಎಲ್ಲ ಹಣ ಒಂದೇ ಕಡೆ ಹಾಕಬಾರದು ಎಂಬುದಕ್ಕೆ ತೊಗರಿ ಸಾಲಿನ ನಡುವೆ ಜೋಳ, ಹೆಸರು ಬಿತ್ತುವುದನ್ನು ತೋರಿಸಿದರು. ಸವಕಳಿ ಅಂದರೆ ವರ್ಷ ವರ್ಷಕ್ಕೆ ವಸ್ತುವಿನ ಬೆಲೆ ಇಳಿಯುವುದು ಎಂದಾಗ ಇನ್ನೊಬ್ಬಾಕೆ, "ನಮ್ಮ ಮನಿಯಾಂವ" ಅಂದಳು. ಆಮೇಲೆ ಅರ್ಧ ತಾಸು ಪಾಠವೇ ನಡೆಯಲಿಲ್ಲ.

ಸ್ಪ್ರೆಡ್ ಎಂಬ ಪದ ಬಂದಾಗ ನನ್ನ ಬಳಿ ಉದಾಹರಣೆ ಸಿದ್ಧವಿತ್ತು. ಬಾಯಿ ತೆರೆದೆ. ಎರಡು ಬೆರಳನ್ನು ಯಾರೋ ಹಿಡಿದರು. ಮೊದಲ ಸಲ ಅದು ಆಗಿದ್ದು ಆಗಲೇ. ಪುಟ ತಿರುಗಿಸಿ ಮುಂದಿನ ಪದಕ್ಕೆ ಹೋದೆ.

ಖಾಲಿ ಉಳಿದ ಆ ಒಂದು ಪದಕ್ಕೆ ಉದಾಹರಣೆ ತರಲು ಕಚೇರಿಯವರು ನನ್ನನ್ನು ತಾಂಡೂರಿನ ತೊಗರಿ ಮಾರುಕಟ್ಟೆಗೆ ಕಳಿಸಿದರು. ಅಂಗಳದ ತುಂಬ ತೊಗರಿಯ ರಾಶಿಗಳು. ಕೊಳ್ಳುವವರು ಮೊಬೈಲಿನಲ್ಲಿ ಬೆಲೆ ಹಾಕುತ್ತಾರೆ, ಬೆಲೆ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುತ್ತದೆ. ಟವೆಲ್ ಇಲ್ಲ, ಬೆರಳಿಲ್ಲ. ನನ್ನ ಭಾಷಣವೇ ಸಿಮೆಂಟು, ತಗಡುಗಳಲ್ಲಿ ಎದ್ದು ನಿಂತ ಹಾಗಿತ್ತು. ನೋಡಿ ಹಾಯೆನಿಸಿತು, ಅದನ್ನು ಒಪ್ಪಿಕೊಳ್ಳುತ್ತೇನೆ.

ಒಂದು ರಾಶಿಯ ಪಕ್ಕ ಪೆದ್ದೆಮುಲ್ ಕಡೆಯ ಒಬ್ಬ ಮುದುಕರು ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಪುಸ್ತಕ ಹಿಡಿದು ಕನ್ನಡದಲ್ಲಿ ಪ್ರಶ್ನೆ ಕೇಳತೊಡಗಿದ್ದೇ ನನ್ನ ಮುಖ ನೋಡಿದರು.

"ನೀ ಅದೇ ಪೋರಿ ಅಲ್ಲೇನವ್ವ? ಮೊಬೈಲ್‌ದಾಗ ಎತ್ತಿನ ದಲಾಲಿ ಬಗ್ಗಿ ಚೀರ್ಯಾಡಿದಾಕಿ?"

"ಹೌದ್ರಿ ಕಾಕಾ, ನಾನೇ."

"ಆ ಮುರುಕು ಕೊಂಬಿನ ಎತ್ತು ಹೊಡಕೊಂಡು ಹೋದಾಂವ ನಾನೇ."

ನಾನು ಪುಸ್ತಕ ಮುಚ್ಚಿದೆ. ಅವರು ಅಂಗೈಯಲ್ಲಿ ನಾಲ್ಕು ಕಾಳು ತೊಗರಿ ಹಿಡಿದು ಉರುಳಿಸುತ್ತಿದ್ದರು.

"ನನ್ನ ಎತ್ತಿಗಿ ಜೋಡಿ ಕೂಡಿಸಾಕ ಖೇಡದ ಸಂತೀಗಿ ಬಂದಿದ್ದೆ. ಒಯ್ದೆ. ಆರನೇ ದಿನ ನೇಗಿಲಿಗಿ ಹೂಡಿದ್ರ ಹಿಂದಿನ ಕಾಲು ಎಳೀಲಾಕ ಹತ್ತಿತು. ಎಂಟು ದಿನದ ಮಾತಿತ್ತು. ವಾಪಸ್ ತಂದು ನಿಮ್ಮ ಮನಿ ಮುಂದ ಕಟ್ಟಿದೆ."

"ಎಂಟು ದಿನದ ಮಾತು ಅಂದ್ರೇನ್ರಿ?"

"ದಲಾಲನ ಮೊಮ್ಮಗಳಾಗಿ ನನಗ ಕೇಳ್ತಿ?" ಅವರು ನಕ್ಕರು. "ಎಂಟು ದಿನದಾಗ ಎತ್ತು ಕುಂಟಿದ್ರ, ಮಲಕೊಂಡ್ರ, ರೊಕ್ಕ ದಲಾಲ ಹೊಳ್ಳಿ ಕೊಡಬೇಕು. ತನ್ನ ಕಿಸೇದಾಗಿಂದು. ಮಾರಿದಾಂವನ ಕೇಳಂಗಿಲ್ಲ. ಅಂವ ಅಷ್ಟರಾಗ ಆ ರೊಕ್ಕ ಬೋರಿಗಿ ಹಾಕಿಬಿಟ್ಟಿದ್ದ. ನಿಮ್ಮ ಮುತ್ಯಾ ಒಂದು ಮಾತು ಅನ್ನಲಿಲ್ಲ. ರೊಟ್ಟಿ ಉಣಿಸ್ದ, ಪೂರಾ ಮೂವತ್ನಾಕು ಕೊಟ್ಟ."

"ನಡುವ ಎರಡು ಸಾವಿರ ಅವನೇ ತಗೊಂಡಿದ್ದ. ನಿಮಗ ಗೊತ್ತಿತ್ತೇನ್ರಿ?"

"ಎಷ್ಟ್ ಅಂತ ಗೊತ್ತಿದ್ದಿಲ್ಲ. ತಗೋತಾನ ಅಂತ ಗೊತ್ತಿತ್ತು. ಎತ್ತಿನ ಜಿಮ್ಮಾ, ಅದರ ಹೊಣಿ, ಹೊರಾಂವ ಸುಮ್ಮ ಹೊರ್ತಾನೇನು?" ಅವರು ಬೋರ್ಡಿನ ಕಡೆ ಗದ್ದ ಎತ್ತಿ ತೋರಿಸಿದರು. "ಇಲ್ಲಿ ರೇಟ್ ಕಾಣ್ತದ. ಜಿಮ್ಮಾ ಯಾರದು ಅಂಬೋದು ಕಾಣಂಗಿಲ್ಲ."

"ಆ ವಿಡಿಯೋ ನೋಡಿ ನಿಮಗ ಸಿಟ್ಟು ಬರಲಿಲ್ಲೇನ್ರಿ?"

"ನಗು ಬಂತು. ಪೋರಿ ಅರ್ಧ ಎತ್ತಿಂದೇ ಲೆಕ್ಕ ಹೇಳ್ಯಾಳ ಅಂದೆ. ಮುತ್ಯಾ ಹೆಂಗ ಹಾನ?"

ಲಕ್ವಾ ಹೊಡೆದಿದೆ ಎಂದೆ. ಅವರು ಅಂಗೈಯ ಕಾಳನ್ನು ರಾಶಿಗೆ ಹಾಕಿ ಎದ್ದು ಹೋದರು.

ತಾಂಡೂರಿನಿಂದ ಬರುವ ಬಸ್ಸಿನಲ್ಲಿ ನಾನು ನನ್ನ ಪರವಾಗಿ ವಾದ ಹೂಡಿದೆ. ಮಾರಿದವನಿಗೆ ಅಂತರ ಗೊತ್ತಿತ್ತೇ? ಇಲ್ಲ. ಗೊತ್ತಿಲ್ಲದ್ದಕ್ಕೆ ಒಪ್ಪಿಗೆ ಇರಲು ಸಾಧ್ಯವೇ? ಇಲ್ಲ. ಹೊಣೆ ಹೊರುವವನು ಕೂಲಿ ಪಡೆಯಲಿ, ಆದರೆ ಬಾಯಿಬಿಟ್ಟು ಹೇಳಿ ಪಡೆಯಲಿ. ಇಂದಿಗೂ ಇದು ನನ್ನ ಮಾತು, ಯಾವ ವೇದಿಕೆಯಲ್ಲಾದರೂ ನಿಂತು ಹೇಳುತ್ತೇನೆ. ಆದರೆ ನಾನು ಎಳೆದು ತಂದ ಆ ಎತ್ತು ಲೂಟಿಯಾಗಿರಲಿಲ್ಲ. ಅದು ಅವನು ತೆತ್ತ ದಂಡ. ನಾನು ಆರು ವರ್ಷ ನೀರು ಕುಡಿಸಿದ್ದೆ, ಅದರ ಹಿಂದಿನ ಕಾಲು ನೆಲ ಗೀಚುವ ಸದ್ದಿಗೆ ಎದ್ದು ಬರುತ್ತಿದ್ದೆ. ಅದು ಕುಂಟು ಎಂದು ನನಗೆ ಗೊತ್ತಿತ್ತು. ಭಾಷಣದಲ್ಲಿ ಕೊಂಬು ಹೇಳಿದೆ, ಕಾಲು ಹೇಳಲಿಲ್ಲ. ಕೊಂಬು ಚೆನ್ನಾಗಿ ಕಾಣುತ್ತಿತ್ತು.

ನನ್ನ ವಾದ ಗಟ್ಟಿಯಾಗಿಯೇ ನಿಂತಿತ್ತು. ಅದಕ್ಕೆ ಕೊಟ್ಟ ಸಾಕ್ಷಿ ಬಿದ್ದುಹೋಗಿತ್ತು. ತೀರ್ಪಿಗೆ ಮೊದಲಾದರೆ ಸಾಕ್ಷಿಯನ್ನು ಹಿಂತೆಗೆದುಕೊಳ್ಳಬಹುದು. ಆದರೆ ತೀರ್ಪು ಎಂದೋ ಆಗಿಹೋಗಿತ್ತು: ನಮ್ಮ ಮನೆಯ ಗೂಡಿನಲ್ಲಿ ನಾನು ಗೆದ್ದ ಆ ಕಪ್ ಇತ್ತು, ಅದರಲ್ಲಿ ಅವ್ವ ಸೂಜಿ, ದಾರದ ಉಂಡೆ ಹಾಕಿಟ್ಟಿದ್ದಳು.

ಊರಿಗೆ ಬಂದವಳು ಅವ್ವನನ್ನು ಹಿಡಿದೆ.

"ಆ ಎತ್ತು ವಾಪಸ್ ಬಂದಿದ್ದು ನಿನಗ ಗೊತ್ತಿತ್ತೇನು?"

"ಗೊತ್ತಿರಲಾರದೇನು? ಆ ಕಾಕಾಗ ರೊಟ್ಟಿ ಬಡಿದು ಕೊಟ್ಟಾಕಿ ನಾನೇ."

"ಮತ್ತ ಯಾಕ ಹೇಳಲಿಲ್ಲ ನನಗ?"

ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. "ನೀ ಯಾವಾಗ ಕೇಳೀದಿ, ಯವ್ವಾ? ನೀ ಹುಟ್ಟಿದಾಗಿನಿಂದ ಹೇಳಕೋತೇ ಬಂದೀದಿ."

ಕೇಳಬೇಕಾದ್ದು ಒಂದೇ ಇತ್ತು, ಕೇಳಬೇಕಾದವನು ಒಬ್ಬನೇ. ನಾನು ಮಾಡಿದ್ದು ಅನ್ಯಾಯವೆಂದು ಅವನಿಗೆ ಅನ್ನಿಸಿತ್ತೇ? ಬಾಯಿಂದ ಹೇಳಲಾರ. ಬರೆಯಲು ಬಾರದು, ಜೀವನವಿಡೀ ಅಂಕಿಯನ್ನು ಬೆರಳಲ್ಲಿ ಇಟ್ಟುಕೊಂಡವನು. ಹಾಗಾದರೆ ಬೆರಳಲ್ಲೇ ಕೇಳುತ್ತೇನೆ ಎಂದುಕೊಂಡೆ. ಟ್ರಂಕಿನಿಂದ ಹಸಿರು ಅಂಚಿನ ಟವೆಲ್ ತೆಗೆದೆ. ಅದಕ್ಕೆ ಇನ್ನೂ ದನದ ವಾಸನೆ ಇತ್ತು.

ಮಧ್ಯಾಹ್ನದ ಹೊತ್ತು. ಮುತ್ಯಾ ಪಡಸಾಲೆಯ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಜೀವವಿದ್ದ ಕಡೆ, ಅಂದರೆ ಎಡಗಡೆ, ಹೋಗಿ ಕೂತೆ. ತಾಂಡೂರಿನಲ್ಲಿ ಸಿಕ್ಕವರ ವಿಷಯ ಹೇಳಿದೆ. ಮುರುಕು ಕೊಂಬು, ಎಂಟು ದಿನ, ಮೂವತ್ನಾಲ್ಕು. ಅವನ ಕಣ್ಣು ನನ್ನ ಮೇಲೇ ಇತ್ತು. ಅವನ ಎಡಗೈ ಹಿಡಿದು ಮೇಲೆ ಟವೆಲ್ ಹಾಕಿದೆ.

ಕಿತ್ತುಕೊಂಡ. ಅಷ್ಟು ಜೋರು ಅವನಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

ಸರಿ, ಇದೇ ಉತ್ತರ ಎಂದುಕೊಂಡೆ. ಕೈ ಕಿತ್ತುಕೊಂಡರೆ ಸೌದಾ ಮುರಿದಂತೆ. ಟವೆಲ್ ಮಡಚತೊಡಗಿದೆ.

ಅಡಿಗೆ ಮನೆ ಬಾಗಿಲಿನಿಂದ ಅವ್ವ ಅಂದಳು: "ಖೋಡಿ, ಎಡಗೈ ಕೇಳ್ತಾರೇನು? ಅದು ಲಿಂಗದ ಕೈ ಅಲ್ಲೇನು?"

ಮುತ್ಯಾ ಆ ಎಡಗೈಯಿಂದ ತನ್ನ ಬಲ ಮಣಿಕಟ್ಟನ್ನು ಹಿಡಿದ. ನಿದ್ದೆ ಹೋದ ಕೂಸನ್ನು ಎತ್ತುವ ಹಾಗೆ ಆ ಕೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟ. ನನ್ನ ಕಡೆ ನೋಡಿ ಟವೆಲ್ ತುದಿ ಎಳೆದ. ಎರಡು ವರ್ಷದಿಂದ ಸೊಳ್ಳೆ ಕಚ್ಚಿದರೂ ತಿಳಿಯದ ಕೈ ಅದು. ನಾನು ಬಲಗಡೆಗೆ ಸರಿದು ಕೂತೆ, ಟವೆಲ್ ಹರಡಿ ಕೆಳಗೆ ಕೈ ತೂರಿಸಿದೆ.

ದಲಾಲ ಮೊದಲು ಹಿಡಿಯಬೇಕು. ಅವನ ಕೈ ಹಿಡಿಯಲಿಲ್ಲ. ಬೆಚ್ಚಗಿತ್ತು, ಭಾರವಿತ್ತು, ಅಷ್ಟೇ. ತಲೆ ಎತ್ತಿ ನೋಡಿದರೆ ಅವನು ಟವೆಲ್ ಕಡೆ ನೋಡುತ್ತಿರಲಿಲ್ಲ. ಅಂಗಳದ ಬೇವಿನ ಮರದ ತುದಿಯನ್ನು ನೋಡುತ್ತಿದ್ದ, ಅಲ್ಲಿ ಹಕ್ಕಿ ಎಣಿಸುವವನ ಹಾಗೆ.

ಸಂತೆ ನಡೆದಿತ್ತು. ಅದರಲ್ಲಿ ನನಗೆ ಅನುಮಾನವಿಲ್ಲ.

ನಾನೇ ಅವನ ಎರಡು ಬೆರಳು ಹಿಡಿದೆ. ಊರಿಗೆಲ್ಲ ಕೇಳುವಂತೆ ನಾನು ಎಣಿಸಿ ಹೇಳಿದ ಎರಡು. ಕಾದೆ. ಅವನ ಬೆರಳು ಏನೂ ಹೇಳಲಿಲ್ಲ. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಒಳಗೆ ಮಡಚಿ ಮುಷ್ಟಿ ಮಾಡಿದೆ. ಮುಗಿಯಿತು ಮುತ್ಯಾ, ನಿನ್ನ ಬೆಲೆಗೆ ನಾನು ಒಪ್ಪಿದೆ ಎಂಬ ಹಾಗೆ. ಕೈ ಬಿಟ್ಟ ಕೂಡಲೇ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಮತ್ತೆ ಮಡಚಿದೆ, ಮತ್ತೆ ಬಿಚ್ಚಿಕೊಂಡಿತು. ಮೂರನೆಯ ಸಲ ನಾನು ಮಡಚಿ ಹಿಡಿದೇ ಕೂತೆ. ನಾನು ಹಿಡಿದಿರುವಷ್ಟು ಹೊತ್ತು ಸೌದಾ ಮುಗಿದಿತ್ತು. ನನ್ನ ಕೈ ಜೋಮು ಹಿಡಿಯುವವರೆಗೆ ಕೂತೆ. ಆಮೇಲೆ ಅವ್ವ ಅವನಿಗೆ ಗಂಜಿ ತಂದಳು, ಬಿಡಬೇಕಾಯಿತು.

ಆ ಚಳಿಗಾಲದಲ್ಲೇ ಅವನು ತೀರಿಕೊಂಡ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅಯ್ಯನವರು ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮುಚ್ಚಿದರು. ಬಲಗೈ ತೊಡೆಯ ಮೇಲೆ ಹಾಗೇ ತೆರೆದು ಬಿದ್ದಿತ್ತು. ಅದನ್ನು ಮುಚ್ಚುವ ಪದ್ಧತಿ ಇಲ್ಲ. ಮುಚ್ಚಿ ಎಂದು ಹೇಳಲು ಬಾಯಿ ತೆರೆದೆ, ಯಾಕೆ ಎಂದು ಕೇಳಿದರೆ ನನ್ನಲ್ಲಿ ಆಧಾರವಿರಲಿಲ್ಲ.

ಪುಸ್ತಿಕೆ ಅಚ್ಚಾಗಿದೆ. ಸ್ಪ್ರೆಡ್ ಎಂಬಲ್ಲಿ ಹೀಗೆ ಬರೆದಿದ್ದೇನೆ: 'ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವಿನ ಅಂತರ. ಅದು ಎಷ್ಟು ಎಂದು ಕೇಳಿ ತಿಳಿದುಕೊಳ್ಳಿ. ಅದನ್ನು ಪಡೆಯುವವನು ಏನು ಹೊರುತ್ತಾನೆ ಎಂದೂ ಕೇಳಿ.' ಕಚೇರಿಯ ಮೇಡಂ ಎರಡನೆಯ ಪ್ರಶ್ನೆ ಅನಗತ್ಯ, ತೆಗೆಯಿರಿ ಎಂದರು. ನಾನು ಮುಕ್ಕಾಲು ಗಂಟೆ ವಾದಿಸಿ ಅದನ್ನು ಉಳಿಸಿಕೊಂಡೆ. ನಾನು ಗೆದ್ದ ಕಡೆಯ ವಾದ ಅದು. ಆಮೇಲೆ ಯಾಕೋ ಹೆಚ್ಚು ವಾದಿಸಿಲ್ಲ.

ಒಂದು ಲೆಕ್ಕ ಮಾತ್ರ ಹೊಂದುವುದಿಲ್ಲ. ಆ ಮಧ್ಯಾಹ್ನ ಟವೆಲ್ಲಿನ ಕೆಳಗೆ ಎರಡು ಬೆರಳು ಹಿಡಿದವಳು ನಾನು. ಅವನ ಕೈಗೆ ಹಿಡಿಯುವ ಶಕ್ತಿಯೇ ಇರಲಿಲ್ಲ. ಆದರೂ ಪರದೆಯ ಮೇಲೆ ಆ ಎರಡು ಸಾಲು ಅಂಕಿ ಬಂದಾಗ ಹಿಡಿತ ಇರುವುದು ನನ್ನ ಬೆರಳಿನ ಮೇಲೆ. ನಾನು ಅಂಕಿಗಳ ಕಡೆ ನೋಡುವುದಿಲ್ಲ. ಕಿಟಕಿಯ ಆಚೆ ಏನಾದರೂ ಮರವಿದ್ದರೆ ಅದರ ತುದಿಯನ್ನು ನೋಡುತ್ತೇನೆ, ಅವನು ನನ್ನ ಬೆರಳು ಮಡಚಿ ಮುಷ್ಟಿ ಮುಚ್ಚುವುದನ್ನು ಕಾಯುತ್ತೇನೆ.